ಮಗು ಬಂದು ಹೇಳುವಂಥ ಮನೆ: ಮಕ್ಕಳಿಗೆ ಸುರಕ್ಷತೆ, ಧೈರ್ಯ ಕಲಿಸುವ ಬಗೆ

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಂಥ ಒಂದು ಜಾತ್ರೆಯಲ್ಲಿ ನನ್ನ ಮಗಳು ಕಳೆದುಹೋಗಿದ್ದಳು. ಆಗ ಅವಳಿಗೆ ಐದು ವರ್ಷ. ಬಳೆ ಅಂಗಡಿಯಲ್ಲಿ ದುಡ್ಡು ಕೊಡೋಕೆ ಅಂತ ಕೈ ಬಿಟ್ಟೆ. ಚಿಲ್ಲರೆ ಎಣಿಸಿಕೊಂಡು ತಿರುಗಿದರೆ ಮಗು ಇಲ್ಲ. ಇಪ್ಪತ್ತು ನಿಮಿಷ ಹುಡುಕಿದೆವು. ಮಂಡಕ್ಕಿ ಮಾರುವ ಅಜ್ಜಿಯೊಬ್ಬರು ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. "ಅಮ್ಮನ ಹೆಸರೇನು ಅಂದ್ರೆ ಅಮ್ಮ ಅಂತಾಳೆ. ಮನೆ ಎಲ್ಲಿ ಅಂದ್ರೆ ಅಲ್ಲಿ ಅಂತಾಳೆ. ನಾನೇನ್ ಮಾಡ್ಲಿ ಹೇಳವ್ವ" ಅಂದರು.

ಅವತ್ತು ರಾತ್ರಿ ಮಲಗುವಾಗ ಮಗಳು ಮೆಲ್ಲಗೆ ಹೇಳಿದಳು: "ಜೋರಾಗಿ ಅಳ್ಬೇಕು ಅನ್ನಿಸ್ತು ಅಮ್ಮ. ನೀನು ಬೈತೀಯ ಅಂತ ಅಳಲಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ದಿನಾ ನಲವತ್ತು ಮಕ್ಕಳ ಜೊತೆ ಇರುತ್ತೇನೆ. ಆದರೂ ನನ್ನ ಮನೆಯ ಮಗುವೇ ಕಷ್ಟದಲ್ಲಿದ್ದಾಗ ನೆನೆಸಿಕೊಂಡಿದ್ದು ನನ್ನ ಬೈಗುಳವನ್ನು. ಜಾತ್ರೆಯಲ್ಲಿ ಕಳೆದುಹೋಗಿದ್ದನ್ನೇ ಹೇಳಲು ಹೆದರುವ ಮಗು, ಯಾರೋ ಮೈ ಮುಟ್ಟಿದರೆ ಬಂದು ಹೇಳುತ್ತದಾ? ಅಲ್ಲಿಂದ ಈಚೆಗೆ ನಾನು ಮನೆಯಲ್ಲಿ, ತರಗತಿಯಲ್ಲಿ ಮಾಡುತ್ತಾ ಬಂದಿರುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಮೂರು ವರ್ಷದಿಂದ ಹನ್ನೆರಡು ವರ್ಷದ ಮಕ್ಕಳವರೆಗೆ ಇದು ಆಗುತ್ತದೆ. ಹೆಣ್ಣು, ಗಂಡು ಇಬ್ಬರಿಗೂ.

ಮೊದಲ ಹೆಜ್ಜೆ ದೊಡ್ಡವರದು

ಮಗುವಿಗೆ ಏನಾದರೂ ಕಲಿಸುವ ಮುಂಚೆ ಒಂದು ವಾರ ನಿಮ್ಮನ್ನು ನೀವೇ ಗಮನಿಸಿ. ಮಗು ಹಾಲು ಚೆಲ್ಲಿದಾಗ, ಪೆನ್ಸಿಲ್ ಕಳೆದುಕೊಂಡು ಬಂದಾಗ, ಟೆಸ್ಟಿನಲ್ಲಿ ಕಡಿಮೆ ಅಂಕ ತಂದಾಗ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ನಿಂಗೆ ಎಷ್ಟು ಸಲ ಹೇಳ್ಬೇಕು" ಅನ್ನುವುದೇ ಆದರೆ, ಮಗು ಆಗಲೇ ಒಂದು ಲೆಕ್ಕ ಹಾಕಿಕೊಂಡಿರುತ್ತದೆ: ತಪ್ಪಾದರೆ ಮುಚ್ಚಿಡಬೇಕು.

ನಾನು ಬದಲಾಯಿಸಿಕೊಂಡಿದ್ದು ಒಂದೇ ಮಾತು. ಏನೇ ಆಗಲಿ, ಮೊದಲು "ಹೇಳಿದ್ದು ಒಳ್ಳೇದಾಯ್ತು" ಅನ್ನುತ್ತೇನೆ. ಆಮೇಲೆ ಮಿಕ್ಕಿದ್ದು. ಲೋಟ ಒಡೆದಿದ್ದಕ್ಕೂ ಅದೇ, ಸ್ನೇಹಿತೆ ಜೊತೆ ಜಗಳ ಆಡಿದ್ದಕ್ಕೂ ಅದೇ. ಶುರುವಿನಲ್ಲಿ ಬಾಯಿಗೆ ಬರುವುದೇ ಇಲ್ಲ, ಕಷ್ಟ. ಎರಡು ತಿಂಗಳು ಬಿಡದೆ ಮಾಡಿದರೆ ರೂಢಿಯಾಗುತ್ತದೆ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಮೈಯ ಭಾಗಗಳಿಗೆ ಹೆಸರು ಕೊಡಿ

ನಮ್ಮ ಕಡೆ ಮಗು ಚಡ್ಡಿ ಇಲ್ಲದೆ ಓಡಾಡಿದರೆ "ಶೇಮ್ ಶೇಮ್" ಅನ್ನುತ್ತೇವೆ. "ಛೀ, ಮುಚ್ಕೋ" ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುವುದು. ಆದರೆ ಮಗು ಕಲಿಯುವುದು, ಆ ಜಾಗದ ಬಗ್ಗೆ ಮಾತಾಡಬಾರದು ಅಂತ. ಮಾತಾಡಬಾರದ ಜಾಗಕ್ಕೆ ಏನಾದರೂ ಆದರೆ ಯಾರಿಗೆ, ಹೇಗೆ ಹೇಳೋದು?

ಸ್ನಾನ ಮಾಡಿಸುವ ಹೊತ್ತು ಇದಕ್ಕೆ ತುಂಬ ಅನುಕೂಲ. ಕಣ್ಣು, ಕಿವಿ, ಮೊಣಕಾಲು ಅಂತ ಹೇಳಿಕೊಡುವ ದನಿಯಲ್ಲೇ ಎದೆ, ಅಂಡು, ಶಿಶ್ನ, ಯೋನಿ ಅನ್ನುವ ಹೆಸರನ್ನೂ ಹೇಳಿಕೊಡಿ. ಈ ಪದಗಳು ನಿಮ್ಮ ಬಾಯಲ್ಲಿ ಬರದಿದ್ದರೆ "ಉಚ್ಚೆ ಮಾಡುವ ಜಾಗ" ಅನ್ನಿ, ಸಾಕು. ಆದರೆ ಮನೆಯವರಿಗೆ ಮಾತ್ರ ಗೊತ್ತಿರುವ ಮುದ್ದಿನ ಹೆಸರು ಬೇಡ. ಮಗು ಟೀಚರ್ ಹತ್ತಿರ ಬಂದು ಆ ಹೆಸರಿನಲ್ಲಿ ಏನೋ ಹೇಳಿದರೆ ನಮಗೆ ಅರ್ಥವೇ ಆಗುವುದಿಲ್ಲ. ಹಾಗೆ ಅರ್ಥವಾಗದೆ ನಾನು ಒಂದು ಮಗುವನ್ನು "ಹೋಗಿ ಕೂತ್ಕೋ" ಅಂತ ಕಳಿಸಿದ್ದೆ. ಆ ಮಗುವಿಗೆ ಅಲ್ಲಿ ಗಾಯವಾಗಿತ್ತು, ಆಟವಾಡುವಾಗ ಬಿದ್ದು. ಸಂಜೆ ಅವರ ಅಮ್ಮ ಹೇಳಿದ ಮೇಲೆ ತಿಳಿಯಿತು.

ನಾಲ್ಕೈದು ವರ್ಷಕ್ಕೆ ಆ ಭಾಗಗಳನ್ನು ಮಗು ತಾನೇ ತೊಳೆದುಕೊಳ್ಳಲಿ. ನೀವು ನೀರು ಹಾಕಿ ಪಕ್ಕದಲ್ಲಿರಿ.

ಚಡ್ಡಿ ನಿಯಮ

ಶಾಲೆಗಳಲ್ಲಿ ಗುಡ್ ಟಚ್, ಬ್ಯಾಡ್ ಟಚ್ ಅಂತ ಹೇಳಿಕೊಡುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಒಂದು ತೊಡಕಿದೆ. ಚುಚ್ಚುಮದ್ದು ನೋಯುತ್ತದೆ, ಅದು ಕೆಟ್ಟದ್ದಲ್ಲ. ಕೆಟ್ಟ ಉದ್ದೇಶದಿಂದ ಮುಟ್ಟುವವರು ಎಷ್ಟೋ ಸಲ ನೋಯಿಸುವುದಿಲ್ಲ. ಕಚಗುಳಿ ಇಡುತ್ತಾ, ಚಾಕಲೇಟು ಕೊಡುತ್ತಾ, ಆಟದ ಹಾಗೆ ಶುರು ಮಾಡುತ್ತಾರೆ. ಮಗುವಿಗೆ ಅವರ ಮೇಲೆ ಇಷ್ಟವೂ ಇರುತ್ತದೆ. "ಕೆಟ್ಟದು ಅನ್ನಿಸಿದ್ರೆ ಹೇಳು" ಅಂತ ಹೇಳಿಕೊಟ್ಟ ಮಗು, ಕೆಟ್ಟದು ಅನ್ನಿಸಲಿಲ್ಲ ಅಂತ ಸುಮ್ನೆ ಇದ್ದುಬಿಡಬಹುದು.

ಅದಕ್ಕೇ ನಾನು ಅನ್ನಿಸಿಕೆಯ ಬದಲು ನಿಯಮ ಹೇಳಿಕೊಡುತ್ತೇನೆ. ರಸ್ತೆ ದಾಟುವ ನಿಯಮದಷ್ಟೇ ಸರಳ: ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ. ತಮ್ಮದನ್ನು ನಿನಗೆ ತೋರಿಸುವ ಹಾಗಿಲ್ಲ, ಮುಟ್ಟು ಅನ್ನುವ ಹಾಗಿಲ್ಲ. ಅಂಥ ಚಿತ್ರ, ವಿಡಿಯೋ ತೋರಿಸುವ ಹಾಗೂ ಇಲ್ಲ. ಡಾಕ್ಟರ್ ನೋಡಬೇಕಾದರೆ ಅಮ್ಮನೋ ಅಪ್ಪನೋ ಪಕ್ಕದಲ್ಲಿ ಇರಬೇಕು.

"ಯಾರೂ" ಅನ್ನುವುದನ್ನು ಬಿಡಿಸಿ ಹೇಳಿ. ಮಾವ, ಚಿಕ್ಕಪ್ಪ, ಅಣ್ಣ, ಟ್ಯೂಷನ್ ಸರ್, ವ್ಯಾನಿನ ಅಂಕಲ್, ಪಕ್ಕದ ಮನೆಯ ಅಕ್ಕ, ದೇವಸ್ಥಾನದ ಅಜ್ಜ, ಯಾರೂ. ಇಲ್ಲಿ ಎಷ್ಟೋ ತಂದೆತಾಯಿಗಳು ತಡೆಯುತ್ತಾರೆ, "ನೆಂಟರ ಬಗ್ಗೆ ಅನುಮಾನ ಹುಟ್ಟಿಸಿದ ಹಾಗಾಗುತ್ತೆ" ಅನ್ನುತ್ತಾರೆ. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹೆಚ್ಚಿನವು ಮಗುವಿಗೆ ಗೊತ್ತಿರುವವರಿಂದಲೇ ಆಗುವಂಥವು. ದಾರಿಯಲ್ಲಿ ಹೋಗುವ ಅಪರಿಚಿತನಿಗೆ ಮಗುವಿನ ಜೊತೆ ಒಂಟಿಯಾಗಿರುವ ಸಮಯ ಸಿಗುವುದು ಕಡಿಮೆ. ಗುರುತಿನವರಿಗೆ ದಿನಾ ಸಿಗುತ್ತದೆ.

ಬೇಸಿಗೆ ರಜೆಗೆ ಮಕ್ಕಳನ್ನು ಹಳ್ಳಿಗೆ ಕಳಿಸುವಾಗ, ಮದುವೆ ಮನೆಯಲ್ಲಿ ಪಡಸಾಲೆ ತುಂಬ ಸಾಲಾಗಿ ಚಾಪೆ ಹಾಸಿ ಮಲಗುವಾಗ, ಮಗು ಯಾರ ಪಕ್ಕ ಮಲಗುತ್ತದೆ ಅಂತ ನೋಡಿಕೊಳ್ಳಿ. ಮಗುವಿನ ಒಂದು ಕಡೆ ನೀವಿರಿ. ನೀವಿಲ್ಲದಿದ್ದರೆ ಅಜ್ಜಿಗೆ ಬಾಯಿಬಿಟ್ಟು ಹೇಳಿ ಬನ್ನಿ.

ಮನೆಯಲ್ಲಿ "ಬೇಡ" ಅನ್ನಲು ಬಿಡಿ

ಧೈರ್ಯ ಕಲಿಸುವುದು ಅಂದರೆ ಇದೇ ಅಂತ ನನ್ನ ನಂಬಿಕೆ. ಕರಾಟೆ ಆಮೇಲಿನ ಮಾತು.

ನಮ್ಮ ಅತ್ತೆಯವರು ಹರಿಹರದಿಂದ ಬಂದಾಗಲೆಲ್ಲ ಮೊಮ್ಮಗಳ ಕೆನ್ನೆ ಹಿಂಡಿ ಮುತ್ತು ಕೊಡುತ್ತಿದ್ದರು. ಮಗು ಮುಖ ತಿರುಗಿಸುತ್ತಿತ್ತು. ನಾನೇ "ಅಜ್ಜಿಗೆ ಮುತ್ತು ಕೊಡು, ಬೇಜಾರು ಮಾಡ್ಕೊಳ್ತಾರೆ" ಅಂತ ತಳ್ಳುತ್ತಿದ್ದೆ. ದೊಡ್ಡವರಿಗೆ ಬೇಜಾರಾಗುತ್ತೆ ಅಂದರೆ ನಿನ್ನ ಮೈ ಮೇಲೆ ನಿನ್ನ ಮಾತು ನಡೆಯುವುದಿಲ್ಲ ಅಂತ ಕಲಿಸುತ್ತಿದ್ದೆ ಅಲ್ವಾ? ಜಾತ್ರೆಯಾದ ಮೇಲೆ ಇದನ್ನು ನಿಲ್ಲಿಸಿದೆ. ಅತ್ತೆಯವರ ಜೊತೆ ಅಡುಗೆಮನೆಯಲ್ಲಿ ಕೂತು, ರೊಟ್ಟಿ ತಟ್ಟುತ್ತಾ ಹೇಳಿದೆ: "ಅತ್ತೆ, ಅವಳಿಗೆ ನಿಮ್ಮ ಮೇಲೆ ಪ್ರೀತಿ ಇದೆ. ಆದ್ರೆ ಬೇಡ ಅಂದಾಗ ಬಿಡೋಣ. ನಾಳೆ ಹೊರಗಡೆ ಯಾರಾದ್ರೂ ಹಿಂಗೆ ಮಾಡಿದ್ರೆ ಅವಳು ಬೇಡ ಅನ್ನಬೇಕಲ್ಲ." ಅವರು ರೊಟ್ಟಿ ತಿರುವಿ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಗೆ ಯಾರೂ ಹಿಂಗ್ ಹೇಳ್ಕೊಡ್ಲಿಲ್ಲ ಕಣವ್ವ" ಅಂದರು. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಸಲ ಬಂದಾಗ ಅವರೇ ಕೈ ಚಾಚಿ "ಮುತ್ತು ಕೊಡ್ಲಾ, ಬೇಡ್ವಾ?" ಅಂತ ಕೇಳಿದರು.

ಬೇಡ ಅಂದ ಮಗು ಕೈ ಮುಗಿದು ನಮಸ್ಕಾರ ಮಾಡಲಿ. ಗೌರವಕ್ಕೆ ಕೊರತೆಯಾಗುವುದಿಲ್ಲ. ಕಚಗುಳಿ ಇಡುವಾಗ ಮಗು "ಸಾಕು" ಅಂದ ತಕ್ಷಣ ಕೈ ತೆಗೆಯಿರಿ, ನಗುತ್ತಿದ್ದರೂ ತೆಗೆಯಿರಿ. ಯಾವ ಅಂಗಿ ಹಾಕಿಕೊಳ್ಳಬೇಕು, ಇನ್ನೊಂದು ದೋಸೆ ಬೇಕಾ ಬೇಡ್ವಾ ಅನ್ನುವುದನ್ನು ಅದೇ ಹೇಳಲಿ. ಬೇಡ ಅನ್ನುವುದಕ್ಕೂ ಅಭ್ಯಾಸ ಬೇಕು.

ಗುಟ್ಟು ಬೇರೆ, ಅಚ್ಚರಿ ಬೇರೆ

ಅಪ್ಪನ ಹುಟ್ಟುಹಬ್ಬಕ್ಕೆ ಉಡುಗೊರೆ ತಂದಿಟ್ಟು ಹೇಳದೇ ಇರುವುದು ಅಚ್ಚರಿ. ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ಖುಷಿಪಡುತ್ತಾರೆ. "ಅಮ್ಮನಿಗೆ ಯಾವತ್ತೂ ಹೇಳ್ಬೇಡ" ಅನ್ನುವುದು ಗುಟ್ಟು. ನಮ್ಮ ಮನೆಯಲ್ಲಿ ದೊಡ್ಡವರು ಮಕ್ಕಳ ಹತ್ತಿರ ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ. ಐಸ್‌ಕ್ರೀಮ್ ಕೊಡಿಸಿ "ಅಮ್ಮಂಗೆ ಹೇಳ್ಬೇಡ" ಅನ್ನುತ್ತಿದ್ದ ನನ್ನ ತಮ್ಮನಿಗೂ ಇದನ್ನು ಹೇಳಿದೆ. ಕೆಟ್ಟವರು ಶುರು ಮಾಡುವುದೂ ಇಂಥ ಸಣ್ಣ ಗುಟ್ಟಿನಿಂದಲೇ. ಮಗು ಬಾಯಿಬಿಡುತ್ತದಾ ಇಲ್ವಾ ಅಂತ ಮೊದಲು ಪರೀಕ್ಷೆ ಮಾಡುತ್ತಾರೆ.

ಮಗುವಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ: "ನಮ್ಮನೇಲಿ ಗುಟ್ಟು ಇಲ್ಲ, ನಾನು ಅಮ್ಮಂಗೆ ಹೇಳ್ತೀನಿ." ಇದನ್ನು ಜೋರಾಗಿ ಹೇಳುವ ಮಗುವಿನ ತಂಟೆಗೆ ಬರಲು ಯಾರಿಗಾದರೂ ಹಿಂಜರಿಕೆ ಇರುತ್ತದೆ.

ಐದು ಬೆರಳು, ಐದು ಜನ

ಹಾಳೆಯ ಮೇಲೆ ಮಗುವಿನ ಅಂಗೈ ಇಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಂದೊಂದು ಬೆರಳಿಗೆ ಒಬ್ಬೊಬ್ಬರ ಹೆಸರು. ಏನಾದರೂ ಆದರೆ ನಾನು ಯಾರಿಗೆ ಹೇಳಬಹುದು ಅಂತ ಮಗುವೇ ಆರಿಸಲಿ. ಐವರೂ ಒಂದೇ ಮನೆಯವರಾಗುವುದು ಬೇಡ, ಒಬ್ಬರಾದರೂ ಹೊರಗಿನವರು ಇರಲಿ. ಆಮೇಲೆ ಆ ಐದು ಜನಕ್ಕೂ ನೀವು ತಿಳಿಸಿ. "ನಿಮ್ಮ ಹೆಸರು ಬರೆದಿದ್ದಾಳೆ. ಬಂದು ಏನಾದ್ರೂ ಹೇಳಿದ್ರೆ ಪೂರ್ತಿ ಕೇಳಿ, ನಂಬಿ, ಬೈಬೇಡಿ" ಅನ್ನಿ.

ಮೊದಲನೆಯವರು ನಂಬದಿದ್ದರೆ ಎರಡನೇ ಬೆರಳು. ಅವರೂ ಕೇಳದಿದ್ದರೆ ಮೂರನೆಯದು. ಯಾರಾದರೂ ಕೇಳುವ ತನಕ ಹೇಳುತ್ತಲೇ ಇರಬೇಕು ಅಂತ ಹೇಳಿಕೊಡಿ. ಅಂಗೈ ಮಧ್ಯದಲ್ಲಿ 1098 ಅಂತ ಬರೆಸಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಮಗುವೇ ಫೋನ್ ಮಾಡಬಹುದು.

ಜಾತ್ರೆ, ಬಸ್ ಸ್ಟ್ಯಾಂಡ್, ಸಂತೆ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದ ಜನ ನೋಡಿದ್ದೀರಲ್ಲ, ದೊಡ್ಡವರೇ ಕೈ ತಪ್ಪಿಹೋಗುತ್ತಾರೆ. ಅಂಥ ಕಡೆ ಹೊರಡುವ ಮುಂಚೆ ಮಗುವಿನ ಫೋಟೋ ಒಂದನ್ನು ಅದೇ ದಿನ, ಅದೇ ಬಟ್ಟೆಯಲ್ಲಿ, ಚಪ್ಪಲಿ ಕಾಣುವ ಹಾಗೆ ತೆಗೆದುಕೊಳ್ಳಿ. ಕಳೆದಾಗ "ಕೆಂಪು ಫ್ರಾಕೋ, ನೀಲಿಯೋ" ಅಂತ ನಿಮಗೇ ನೆನಪಾಗುವುದಿಲ್ಲ. ಎರಡು ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನ ಒಳಗಿರಲಿ. ಹೆಸರನ್ನು ಚೀಲದ ಹೊರಗೆ ದೊಡ್ಡದಾಗಿ ಬರೆಯಬೇಡಿ. ಯಾರೇ ಆಗಲಿ ಹೆಸರು ಹಿಡಿದು ಕರೆದರೆ ಮಗು ಗುರುತಿನವರು ಅಂದುಕೊಳ್ಳುತ್ತದೆ.

ಫೋನ್ ನಂಬರನ್ನು ಮಗ್ಗಿ ಕಲಿಸಿದ ಹಾಗೆ ರಾಗವಾಗಿ ಕಲಿಸಿ. ಎರಡು, ಮೂರು, ಎರಡು, ಮೂರು ಅಂಕಿಗಳಾಗಿ ಒಡೆದು, ಚಪ್ಪಾಳೆ ತಟ್ಟುತ್ತಾ. ನನ್ನ ಮಗಳಿಗೆ ಹದಿನೈದು ದಿನ ಹಿಡಿಯಿತು. ಅಮ್ಮ, ಅಪ್ಪನ ಪೂರ್ತಿ ಹೆಸರು, ಬಡಾವಣೆಯ ಹೆಸರು, ಮನೆ ಹತ್ತಿರದ ಒಂದು ಗುರುತು, ಇಷ್ಟು ಗೊತ್ತಿರಲಿ. ನಿಟ್ಟುವಳ್ಳಿ ಅನ್ನುವುದರ ಜೊತೆಗೆ ಯಾವ ದೇವಸ್ಥಾನದ ಹಿಂದೆ ಅಂತಲೂ ಹೇಳಬೇಕು.

ಕಳೆದುಹೋದರೆ ಏನು ಮಾಡಬೇಕು? ಓಡಬಾರದು. ನಿಂತ ಜಾಗದಲ್ಲೇ ನಿಲ್ಲಬೇಕು. ಅಮ್ಮನನ್ನು ಹೆಸರು ಹಿಡಿದು ಜೋರಾಗಿ ಕೂಗಬೇಕು. ಜಾತ್ರೆಯಲ್ಲಿ "ಅಮ್ಮಾ" ಅಂದರೆ ನೂರು ಜನ ತಿರುಗುತ್ತಾರೆ. ಅಮ್ಮ ಕಾಣದಿದ್ದರೆ ಪೊಲೀಸರನ್ನೋ, ಮಕ್ಕಳ ಜೊತೆ ಇರುವ ಅಮ್ಮನನ್ನೋ, ಅಂಗಡಿಯಲ್ಲಿ ಕೂತು ಮಾರುವವರನ್ನೋ ಕೇಳಬೇಕು. ಆದರೆ ಯಾರ ಜೊತೆಗೂ ಆ ಜಾಗ ಬಿಟ್ಟು ಹೋಗಬಾರದು. "ಅಪರಿಚಿತರ ಹತ್ತಿರ ಮಾತಾಡಲೇಬಾರದು" ಅಂತ ಕಲಿತ ಮಗು ಸಹಾಯವನ್ನೂ ಕೇಳುವುದಿಲ್ಲ. ನಮ್ಮನ್ನು ಕಾಪಾಡಿದ ಮಂಡಕ್ಕಿ ಅಜ್ಜಿಯೂ ಅಪರಿಚಿತರೇ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಆಡಿಸಿ. ಭಾನುವಾರ ನಮ್ಮೂರ ಗಾಜಿನ ಮನೆ ಪಾರ್ಕಿಗೆ ಹೋದಾಗ, "ಈಗ ನಾನು ಕಾಣ್ತಿಲ್ಲ ಅಂದ್ಕೋ, ಇಲ್ಲಿ ಯಾರನ್ನ ಕೇಳ್ತೀಯ?" ಅಂತ ಕೇಳಿ. ಮಗು ಬೆರಳು ಮಾಡಿ ತೋರಿಸಲಿ. ಯಾಕೆ ಅವರನ್ನೇ ಅಂತ ಹೇಳಲಿ.

ಶಾಲೆಯಿಂದ ಕರೆದುಕೊಂಡು ಹೋಗಲು ಯಾರೋ ಬಂದರೆ

"ನಿಮ್ಮಪ್ಪಂಗೆ ಆಕ್ಸಿಡೆಂಟ್ ಆಗಿದೆ, ಬಾ" ಅಂದರೆ ದೊಡ್ಡವರೂ ಗಾಬರಿಯಲ್ಲಿ ಹೊರಟುಬಿಡುತ್ತಾರೆ. ಅದಕ್ಕೆ ಮನೆಯಲ್ಲಿ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಮಗುವೇ ಆರಿಸಿದ ಪದವಾದರೆ ಮರೆಯುವುದಿಲ್ಲ. ಆ ಮಾತು ಹೇಳದವರ ಜೊತೆ, ಎಷ್ಟೇ ಗುರುತಿದ್ದರೂ, ಹೋಗುವಂತಿಲ್ಲ. ತಿರುಗಿ ಟೀಚರ್ ಹತ್ತಿರ ಓಡಬೇಕು. ಒಂದು ಸಲ ಬಳಸಿದ ಮೇಲೆ ಪದ ಬದಲಾಯಿಸಿ.

ಇನ್ನೊಂದು: ದೊಡ್ಡವರಿಗೆ ಸಹಾಯ ಬೇಕಾದರೆ ದೊಡ್ಡವರನ್ನು ಕೇಳುತ್ತಾರೆ. ನಾಯಿಮರಿ ಹುಡುಕಿಕೊಡು, ದಾರಿ ತೋರಿಸು ಬಾ ಅಂತ ಮಗುವನ್ನು ಒಂಟಿಯಾಗಿ ಕರೆದರೆ ದೂರ ಸರಿಯಬೇಕು.

ಓಬವ್ವನ ಕಥೆ ಹೇಳಿ, ಹೊರೆ ಹೊರಿಸಬೇಡಿ

ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒನಕೆ ಕಿಂಡಿ ಮುಂದೆ ಅವರು ಕದಲುವುದೇ ಇಲ್ಲ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ. ಕೈಗೆ ಸಿಕ್ಕಿದ್ದು ಒನಕೆ. ಅವಳ ಹೆಸರಿನಲ್ಲಿ ಸರ್ಕಾರ ನವೆಂಬರ್ 11ರಂದು ಜಯಂತಿ ಮಾಡುತ್ತದೆ. ಈ ಕಥೆ ನಮ್ಮ ಜಿಲ್ಲೆಗಳ ಮಕ್ಕಳ ಹಕ್ಕು, ಖಂಡಿತ ಹೇಳಿ.

ಆದರೆ "ನೀನು ಓಬವ್ವನ ಥರ ಹೊಡೀಬೇಕು" ಅಂತ ಏಳು ವರ್ಷದ ಮಗುವಿಗೆ ಹೇಳಬೇಡಿ. ಭಯದಲ್ಲಿ ಮೈ ಮರಗಟ್ಟುವುದು, ಬಾಯಿ ಕಟ್ಟಿಹೋಗುವುದು ದೊಡ್ಡವರಿಗೂ ಆಗುತ್ತದೆ. ಅದು ಹೇಡಿತನ ಅಲ್ಲ, ಮೈ ತನ್ನಷ್ಟಕ್ಕೆ ಹಾಗೆ ಮಾಡುತ್ತದೆ. ಹೊಡೆಯಲಾಗದ ಮಗು "ನಾನೇ ಸರಿಯಿಲ್ಲ" ಅಂದುಕೊಂಡು ಇನ್ನೂ ಒಳಗೆ ಮುಚ್ಚಿಕೊಳ್ಳುತ್ತದೆ. ಮಗುವಿನ ಕೆಲಸ ಮೂರೇ: ಕೂಗಲು ಆದರೆ ಕೂಗು, ಓಡಲು ಆದರೆ ಓಡು, ಎರಡೂ ಆಗದಿದ್ದರೂ ಆಮೇಲೆ ಬಂದು ಹೇಳು. ಯಾವಾಗ ಹೇಳಿದರೂ ತಡವಲ್ಲ, ತಪ್ಪು ನಿನ್ನದಲ್ಲ ಅಂತ ಸೇರಿಸಿ.

ಕೂಗುವುದನ್ನು ಮಾತ್ರ ನಿಜವಾಗಿ ಅಭ್ಯಾಸ ಮಾಡಿಸಿ. ಕುಂದವಾಡ ಕೆರೆ ಏರಿ ಮೇಲೆ ನಿಂತು ನಾವು "ಬೇಡ! ಬಿಡು!" ಅಂತ ಕೂಗುತ್ತೇವೆ. ತುಂಬ ಮೆತ್ತಗಿನ ಮಕ್ಕಳಿಗೆ ಮೊದಲ ದಿನ ದನಿಯೇ ಬರುವುದಿಲ್ಲ. ನಾಲ್ಕನೇ ಸಲಕ್ಕೆ ಹೊಟ್ಟೆಯಿಂದ ಬರುತ್ತದೆ. ಕರಾಟೆಗೆ ಕಳಿಸುವುದೂ ಒಳ್ಳೆಯದೇ. ಅದರಿಂದ ಮಗುವಿನ ನಿಲುವು, ನಡಿಗೆ ಗಟ್ಟಿಯಾಗುತ್ತದೆ.

ಗಂಡುಮಕ್ಕಳು, ಮತ್ತೆ ಮೊಬೈಲು

"ಗಂಡುಹುಡುಗ ಅಳ್ತಾನಾ" ಅನ್ನುವ ಮಾತನ್ನು ಮನೆಯಿಂದಲೇ ತೆಗೆದುಹಾಕಿ. ಹುಡುಗರ ಮೇಲೂ ದೌರ್ಜನ್ಯ ಆಗುತ್ತದೆ. ನಾಚಿಕೆಯಿಂದ ಅವರು ಇನ್ನೂ ಕಡಿಮೆ ಹೇಳುತ್ತಾರೆ. ಮೇಲಿನ ಒಂದೊಂದು ಹೆಜ್ಜೆಯೂ ಅವರಿಗೂ ಬೇಕು. ಇನ್ನೊಬ್ಬರು ಬೇಡ ಅಂದಾಗ ನಿಲ್ಲಿಸಬೇಕು ಅನ್ನುವುದನ್ನೂ ಇದೇ ವಯಸ್ಸಿನಲ್ಲಿ ಕಲಿಸಬೇಕು.

ಮೊಬೈಲು ಪಡಸಾಲೆಯಲ್ಲೇ ನೋಡಲಿ, ಬಾಗಿಲು ಹಾಕಿಕೊಂಡು ಬೇಡ. ಆಟದಲ್ಲಿ ಸಿಕ್ಕ "ಫ್ರೆಂಡ್" ಯಾರು ಬೇಕಾದರೂ ಆಗಿರಬಹುದು. ಅವರಿಗೆ ಫೋಟೋ, ಶಾಲೆಯ ಹೆಸರು, ವಿಳಾಸ ಕೊಡಬಾರದು. ಫೋಟೋ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಮೆಸೇಜು ಅಳಿಸಬೇಡಿ, ದುಡ್ಡು ಕೊಡಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. "ಫೋನ್ ಕಿತ್ಕೋತೀನಿ" ಅನ್ನುವ ಬೆದರಿಕೆ ಮನೆಯಲ್ಲಿದ್ದರೆ ಮಗು ಇದ್ಯಾವುದನ್ನೂ ನಿಮಗೆ ಹೇಳುವುದಿಲ್ಲ.

ಮಗು ಬಂದು ಹೇಳಿದರೆ

ಮಕ್ಕಳು ಕೂತು ವಿವರವಾಗಿ ಹೇಳುವುದಿಲ್ಲ. ತಲೆ ಬಾಚಿಸಿಕೊಳ್ಳುವಾಗ, ಗಾಡಿ ಮೇಲೆ ಹಿಂದೆ ಕೂತಾಗ, "ನಂಗೆ ಆ ಮಾವನ ಮನೆಗೆ ಹೋಗೋಕೆ ಇಷ್ಟ ಇಲ್ಲ" ಅಂತ ಒಂದು ತುಂಡು ಎಸೆಯುತ್ತಾರೆ. ಹಿಡಿದುಕೊಳ್ಳಿ. ಒಮ್ಮೆಲೇ ಹಾಸಿಗೆ ಒದ್ದೆ ಮಾಡುವುದು, ಟ್ಯೂಷನ್ ಅಂದರೆ ಹೊಟ್ಟೆನೋವು, ಮೈ ಮುಟ್ಟಿದರೆ ಬೆಚ್ಚುವುದು, ಇವಕ್ಕೆ ಬೇರೆ ಕಾರಣವೂ ಇರಬಹುದು. ಆದರೂ ಕೇಳಲೇಬೇಕಾದ ಸೂಚನೆಗಳು.

ಹೇಳುವಾಗ ನಿಮ್ಮ ಮುಖ ನೋಡಿಕೊಳ್ಳಿ. ನೀವು ಕಿರುಚಿದರೆ, ಅತ್ತರೆ ಮಗು ನಿಲ್ಲಿಸಿಬಿಡುತ್ತದೆ. "ನಾನು ನಿನ್ನ ನಂಬ್ತೀನಿ. ಹೇಳಿದ್ದು ಒಳ್ಳೇದಾಯ್ತು. ನಿಂದು ತಪ್ಪಿಲ್ಲ." ಇಷ್ಟು ಸಾಕು. "ಮೊದ್ಲೇ ಯಾಕೆ ಹೇಳ್ಲಿಲ್ಲ", "ನೀನ್ಯಾಕೆ ಅಲ್ಲಿಗೆ ಹೋದೆ" ಅನ್ನಬೇಡಿ. "ಅಲ್ಲಿ ಮುಟ್ಟಿದ್ನಾ?" ಅಂತ ಉತ್ತರ ಬಾಯಿಗೆ ಹಾಕಬೇಡಿ. "ಆಮೇಲೆ ಏನಾಯ್ತು?" ಅನ್ನಿ. ಮತ್ತೆ ಮತ್ತೆ ಹೇಳಿಸಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ, ದಿನಾಂಕ ಹಾಕಿ.

ಈಗಷ್ಟೇ ನಡೆದಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿಡಿ. ನೇರ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿದೆ. ಆ ಕ್ಷಣದ ಅಪಾಯವಿದ್ದರೆ 112, ಇಲ್ಲದಿದ್ದರೆ 1098 ಅಥವಾ ಠಾಣೆ. ಎಫ್‌ಐಆರ್ ಯಾವ ಠಾಣೆಯಲ್ಲಾದರೂ ದಾಖಲಾಗುತ್ತದೆ.

ಠಾಣೆ ಅಂದರೆ ಎಲ್ಲರಿಗೂ ಭಯ. ಅದಕ್ಕೇ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಅಂತ ತಿಳಿದಿರಲಿ. 18 ವರ್ಷದೊಳಗಿನ ಎಲ್ಲ ಹುಡುಗ, ಹುಡುಗಿಯರಿಗೂ ಅದು ಅನ್ವಯಿಸುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಸಾಧ್ಯವಾದಷ್ಟು ಸಬ್ ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹುಡುಗಿಯಾದರೆ ಮಹಿಳಾ ವೈದ್ಯರೇ ಪರೀಕ್ಷೆ ಮಾಡಬೇಕು. ಹೆಸರು, ಫೋಟೋ, ಶಾಲೆ ಯಾವುದನ್ನೂ ಪತ್ರಿಕೆ, ಟಿವಿ ಹೊರಗೆಡಹುವಂತಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮೂಲಕ ಮಗುವಿನ ಜೊತೆ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನೂ ಪಡೆಯಬಹುದು.

"ಹಿರಿಯರು ಕೂತು ಮಾತಾಡಿ ಮುಗಿಸೋಣ, ಮರ್ಯಾದೆ ಪ್ರಶ್ನೆ" ಅಂತ ಯಾರಾದರೂ ಬಂದೇ ಬರುತ್ತಾರೆ. ಒಪ್ಪಬೇಡಿ. ಇದು ಪಂಚಾಯ್ತಿ ಕಟ್ಟೆಯಲ್ಲಿ ಮುಗಿಯುವ ವಿಷಯ ಅಲ್ಲ. ಗೊತ್ತಿದ್ದೂ ದೂರು ಕೊಡದವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಅದಕ್ಕಿಂತ ದೊಡ್ಡದು ಮಗು ನೋಡುತ್ತಿರುತ್ತದೆ ಅನ್ನುವುದು. ನಾನು ಹೇಳಿದೆ, ಅಮ್ಮ ಅಪ್ಪ ಏನು ಮಾಡಿದರು ಅಂತ.

ವರ್ಷಕ್ಕೆ ಎರಡು ಸಲ ಮತ್ತೆ ಶುರುವಿನಿಂದ

ಜೂನ್‌ನಲ್ಲಿ ಶಾಲೆ ಶುರುವಾದಾಗ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಅಂಗೈ ಚಿತ್ರ ಹೊಸದಾಗಿ ಬರೆಸಿ. ಮಕ್ಕಳು ಬೆಳೆಯುತ್ತಾರೆ, ಟೀಚರ್ ಬದಲಾಗುತ್ತಾರೆ, ಪಕ್ಕದ ಮನೆಯವರು ಬೇರೆ ಬಡಾವಣೆಗೆ ಹೋಗುತ್ತಾರೆ. ಹಳೇ ಹೆಸರು ಯಾಕೆ ತೆಗೆದೆ ಅಂತ ಮೆಲ್ಲಗೆ ಕೇಳಿ, ಒತ್ತಾಯ ಬೇಡ.

ಈ ಸಲ ನನ್ನ ಮಗಳು ಹೆಬ್ಬೆರಳಿಗೆ ನನ್ನ ಹೆಸರು ಬರೆದಳು. "ಅಮ್ಮ" ಅಂತ ಅಲ್ಲ, ಪೂರ್ತಿ ಹೆಸರು, ಪಕ್ಕದಲ್ಲಿ ಹತ್ತು ಅಂಕಿಯ ನಂಬರು. ನಾಲ್ಕು ಬೆರಳು ತುಂಬಿಸಿ ಕಿರುಬೆರಳು ಖಾಲಿ ಬಿಟ್ಟಳು. ಯಾಕೆ ಅಂದೆ. "ಇನ್ನೂ ಯೋಚ್ನೆ ಮಾಡ್ತಿದೀನಿ" ಅಂದಳು. ಖಾಲಿ ಬಿಟ್ಟೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.